ಮೂರನೆಯ ಬಟ್ಟಲು

ಗ್ರಿಟ್ಸ್‌ಗೆ ಸಕ್ಕರೆ ಹಾಕಿಕೊಳ್ಳುವವನನ್ನು ನಮ್ಮ ಬೀದಿಯಲ್ಲಿ ಮನುಷ್ಯರ ಲೆಕ್ಕಕ್ಕೆ ಸೇರಿಸುವುದಿಲ್ಲ. ಗ್ರಿಟ್ಸ್ ಎಂದರೆ ಬಿಳಿ ಮೆಕ್ಕೆಜೋಳದ ನುಚ್ಚು; ಅದನ್ನು ಮೆತ್ತಗೆ ಬೇಯಿಸಬೇಕು, ಉಪ್ಪು ಹಾಕಬೇಕು, ಬೆಣ್ಣೆ ಹಾಕಬೇಕು, ಮನಸ್ಸಿದ್ದರೆ ಮೇಲೊಂದಿಷ್ಟು ಮೆಣಸಿನ ಪುಡಿ. ಮುಗಿಯಿತು. ಉಕ್ಕಿನ ಕಾರ್ಖಾನೆಯ ಕೆಲಸಕ್ಕೆಂದು ದಕ್ಷಿಣದ ಮಿಸಿಸಿಪಿ ಬಿಟ್ಟು ಉತ್ತರದ ಗ್ಯಾರಿ ಊರಿಗೆ ಬಂದ ನಮ್ಮ ಕಪ್ಪು ಅಜ್ಜ ಅಜ್ಜಿಯರು ಅಲ್ಲಿ ಬಿಟ್ಟದ್ದು ಬಹಳ, ಬಿಡದೆ ತಂದದ್ದು ಇದೊಂದು. ಹಾಗಿರುವಾಗ ೧೯೮೬ರ ಒಂದು ಬೆಳಿಗ್ಗೆ, ಮಿಸ್ ಓಲಾ ಮೇ ಗ್ಯಾಡಿಸ್ ಅವರ ಅಡುಗೆಮನೆಯ ಮೇಜಿನ ಮುಂದೆ ಕೂತಿದ್ದ ಏಳು ವರ್ಷದ ಬಿಳಿ ಹುಡುಗ ಕೈಲ್ ಹುಡಾಕ್, ಯಾರನ್ನೂ ಕೇಳದೆ, ಕಾಫಿಗೆಂದು ಇಟ್ಟಿದ್ದ ಸಕ್ಕರೆಯನ್ನು ಎರಡು ಚಮಚ ತೆಗೆದು ತನ್ನ ಬಟ್ಟಲಿಗೆ ಸುರಿದುಕೊಂಡ.

ಎದುರಿಗೆ ಕೂತಿದ್ದ ಮಿಸ್ ಓಲಾ ಅವರ ಮಗ ಲವೆಲ್, ಅವನೂ ಏಳು ವರ್ಷದವನೇ, ಚಮಚ ಕೆಳಗಿಟ್ಟು ಅಮ್ಮನ ಮುಖ ನೋಡಿದ. ಈಗ ಬೀಳುತ್ತದೆ ಏಟು ಎಂದುಕೊಂಡ. ಮಿಸ್ ಓಲಾ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತೇ ಇದ್ದರು. ಹುಡುಗ ಒಂದು ಬಟ್ಟಲು ಮುಗಿಸಿದ. ಎರಡನೆಯದನ್ನು ಬಡಿಸಿದರೆ ಅದನ್ನೂ ಮುಗಿಸಿದ. ಮೂರನೆಯದನ್ನು ಕೇಳಲು ಬಾಯಿ ಬರದೆ ಬಟ್ಟಲನ್ನು ಬೆರಳ ತುದಿಯಿಂದ ಅಷ್ಟಷ್ಟೇ ಮುಂದಕ್ಕೆ ತಳ್ಳಿದ.

"ಇವನೇ ಗ್ರಿಟ್ಸ್ ಕಣೋ ಲವೆಲ್," ಎಂದರು ಮಿಸ್ ಓಲಾ, ಬಡಿಸುತ್ತ. "ಬೆಳ್ಳಗಿದಾನೆ, ಸಪ್ಪಗಿದಾನೆ, ಒಂದ್ಸಲ ಅಂಟ್ಕೊಂಡ್ರೆ ತಿಕ್ಕಿದ್ರೂ ಹೋಗಲ್ಲ."

ಅಂದಿನಿಂದ ಅವನ ಹೆಸರು ಗ್ರಿಟ್ಸ್. ಸಂಜೆಯ ಹೊತ್ತಿಗೆ ಇಡೀ ಬೀದಿಗೆ ಗೊತ್ತಾಗಿತ್ತು. ಮಾರನೆಯ ದಿನ ಮಿಸ್ ಓಲಾ ಅಂಗಡಿಯಿಂದ ಮುಚ್ಚಳವಿರುವ ಒಂದು ಪುಟ್ಟ ಸಕ್ಕರೆ ಡಬ್ಬಿ ತಂದು ಮೇಜಿನ ಮೇಲಿಟ್ಟರು. ಆ ಮನೆಯಲ್ಲಿ ಇನ್ನು ಯಾರೂ ಅದನ್ನು ಮುಟ್ಟುತ್ತಿರಲಿಲ್ಲ.

ಕಪ್ಪು ಜನರ ಬೀದಿಯಲ್ಲಿ ಒಂದೇ ಒಂದು ಬಿಳಿ ಮನೆ ಹೇಗೆ ಉಳಿಯಿತು ಎಂದರೆ, ಹಟದಿಂದ. ನಾವು ಬರುತ್ತಿದ್ದಂತೆ ಬಿಳಿಯರೆಲ್ಲ ಗಂಟುಮೂಟೆ ಕಟ್ಟಿ ಊರ ದಕ್ಷಿಣದ ಹೊಸ ಬಡಾವಣೆಗಳಿಗೆ ಹೊರಟರು. ಕೈಲ್‌ನ ಅಜ್ಜ, ಕಾರ್ಖಾನೆಯಲ್ಲಿ ಮೂವತ್ತು ವರ್ಷ ಬೆಂದ ಸ್ಲೋವಾಕ್ ಮುದುಕ, ಈ ಮನೆಯ ನೆಲಮಾಳಿಗೆಗೆ ಸಿಮೆಂಟು ಸುರಿದವನು ನಾನು, ನಾನು ಯಾಕೆ ಹೋಗಲಿ ಎಂದು ಕೂತ. ಅವನು ಸತ್ತ ಮೇಲೆ ಮಗಳು, ಕೈಲ್‌ನ ತಾಯಿ ಡೋರೀನ್, ಅಲ್ಲೇ ಉಳಿದಳು. ಗಂಡ ಎಂಬುವವನು ಯಾವಾಗಲೋ ಹೋಗಿದ್ದ. ಅವಳಿಗೆ ಹೆದ್ದಾರಿಯ ಲಾರಿ ಚಾಲಕರ ಹೋಟೆಲಿನಲ್ಲಿ ಕೆಲಸ. ಬೆಳಗಿನ ಐದಕ್ಕೆ ಹೊರಡಬೇಕು. ಮಿಸ್ ಓಲಾ ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಿದ್ದರು. ಮುನ್ನೂರು ಮಕ್ಕಳಿಗೆ ಅಡುಗೆ ಮಾಡುವವರಿಗೆ ಒಂದು ಮಗು ಹೆಚ್ಚೇ, ಕಳಿಸಮ್ಮ ಎಂದು ಅವರೇ ಬೀದಿ ದಾಟಿ ಬಂದು ಹೇಳಿದ್ದರು. ಹತ್ತು ವರ್ಷ ಅವನು ಆ ಹಸಿರು ಬಾಗಿಲಿನ ಮನೆಯಲ್ಲಿ ತಿಂಡಿ ತಿಂದ. ಭಾನುವಾರ ಅವರ ಜೊತೆ ಚರ್ಚಿಗೆ ಹೋದ. ತಪ್ಪು ಮಾಡಿದ ದಿನ ಲವೆಲ್ ಏಟು ತಿಂದ ಕೋಲಿನಿಂದಲೇ ತಾನೂ ತಿಂದ.

ಬೀದಿಯ ಕೊನೆಯಲ್ಲಿ ಮಿಸ್ಟರ್ ಕ್ಲಿಯೋಟಿಸ್ ಅವರ ಕ್ಷೌರದಂಗಡಿ. ಅಲ್ಲಿ ಶನಿವಾರ ಮಧ್ಯಾಹ್ನ ಹುಡುಗರಿಗೆ ರ‍್ಯಾಪ್ ಹೇಳಲು ಅಪ್ಪಣೆ ಇತ್ತು. ಆದರೆ ಮುದುಕರು ಕೂತಿರುವ ಜಾಗ, ಕೊಳಕು ಮಾತು ಕೂಡದು. ಇನ್ನೊಂದು ಕಟ್ಟಳೆ ಅದಕ್ಕಿಂತ ಬಿಗಿ: ಬಾಯಿ ತೆರೆಯುವ ಮುಂಚೆ ಮಿಸ್ಟರ್ ಕ್ಲಿಯೋಟಿಸ್ ಬಾಚಣಿಗೆ ತೋರಿಸಿ, "ನಿನ್ನೋರು ಯಾರು?" ಎಂದು ಕೇಳುತ್ತಿದ್ದರು. ದಕ್ಷಿಣದಿಂದ ಬಂದ ಹಿರಿಯರು ಗುರುತಿಲ್ಲದವರನ್ನು ಕೇಳುವ ಮೊದಲ ಮಾತೇ ಅದು. ಮೊದಲ ಸಾಲು ಅದಕ್ಕೆ ಉತ್ತರವಾಗಬೇಕು. ಯಾರು ಹೆತ್ತರು, ಯಾರು ಸಾಕಿದರು, ಯಾವ ಬೀದಿ. ಅಲ್ಲಿ ಸುಳ್ಳು ಹೇಳಿ ಸಿಕ್ಕಿಬಿದ್ದವನಿಗೆ ಅದೇ ಬಾಚಣಿಗೆ ಬಾಗಿಲು ತೋರಿಸುತ್ತಿತ್ತು.

ಹದಿಮೂರನೆಯ ವಯಸ್ಸಿನಲ್ಲಿ ಕೈಲ್ ಮೊದಲ ಬಾರಿ ನಿಂತ. ಲವೆಲ್ ಖಾಲಿ ಕುರ್ಚಿಯ ಬೆನ್ನಿನ ಮೇಲೆ ಅಂಗೈಯಿಂದ ತಾಳ ಕೊಟ್ಟ. ಉಸಿರು ಎಲ್ಲಿ ಹಿಡಿಯಬೇಕು, ಎಲ್ಲಿ ಬಿಡಬೇಕು ಎಂದು ತಿಂಗಳುಗಟ್ಟಲೆ ಕಲಿಸಿದವನೂ ಅವನೇ.

"ನನ್ನೋರು ಯಾರಂತ ಕೇಳ್ತೀಯ ಅಣ್ಣ? ನೋಡು ಆ ಕಡೆ ಬಾಗಿಲ ಬಣ್ಣ.
ಹಸಿರು ಬಾಗಿಲು, ಬಿಸಿ ಬಿಸಿ ಬಟ್ಲು, ಒಂದಾಯ್ತು, ಎರಡಾಯ್ತು, ಮೂರನ್ನೂ ಇಟ್ಲು."

ಅಂಗಡಿಯಲ್ಲಿದ್ದವರೆಲ್ಲ ನಕ್ಕರು, ಒಬ್ಬರು ತೊಡೆ ತಟ್ಟಿದರು. ಸುದ್ದಿ ಮಿಸ್ ಓಲಾ ಅವರಿಗೆ ಮುಟ್ಟಿತು. "ಇಟ್ಲು ಅಂತೆ. ಇಟ್ರು ಅನ್ನಕ್ಕೇನ್ ರೋಗ ಇವ್ನಿಗೆ," ಎಂದು ಬೈಯುತ್ತ ಆ ಭಾನುವಾರ ಚರ್ಚಿನ ಮೆಟ್ಟಿಲ ಮೇಲೆ ಸಿಕ್ಕಸಿಕ್ಕವರಿಗೆಲ್ಲ ಆ ಸಾಲನ್ನು ಹೇಳಿದರು.

ಮುಂದಿನ ಏಳು ವರ್ಷ ಇಬ್ಬರೂ ಜೋಡಿಯಾಗಿ ಹೇಳಿಕೊಂಡು ತಿರುಗಿದರು. ಇದ್ದದ್ದನ್ನು ಇದ್ದ ಹಾಗೆ ಹೇಳುವುದಾದರೆ ಲವೆಲ್ ಮೇಲು. ಕೈಲ್‌ಗೆ ನಾಲಿಗೆ ಚುರುಕು, ಲವೆಲ್‌ಗೆ ನಾಲಿಗೆಯ ಜೊತೆ ತೂಕವೂ ಇತ್ತು. ೨೦೦೦ದಲ್ಲಿ ಶಿಕಾಗೋದ ಒಂದು ಪಂದ್ಯಕ್ಕೆ ಇಬ್ಬರೂ ಹೋದರು. ಕೈಲ್‌ಗಿಂತ ಚೆನ್ನಾಗಿ ಹೇಳಿದ ಹುಡುಗರು ಅಲ್ಲಿ ಹತ್ತು ಜನ ಇದ್ದರು. ಹತ್ತೂ ಜನ ಕಪ್ಪು. ಹಾಡಿನ ಕಂಪನಿಯ ಮನುಷ್ಯ ಬಂದು ಹೆಗಲ ಮೇಲೆ ಕೈಯಿಟ್ಟದ್ದು ಕೈಲ್‌ನ ಹೆಗಲ ಮೇಲೆ. ಯಾಕೆಂದು ಇಬ್ಬರಿಗೂ ಗೊತ್ತಿತ್ತು. ರೈಲಿನಲ್ಲಿ ವಾಪಸು ಬರುವಾಗ ಲವೆಲ್, ಹೋಗು, ಬಂದ ಅವಕಾಶ ಬಿಡಬೇಡ, ಆದರೆ ನಿನ್ನೋರನ್ನು ಮರೆಯಬೇಡ ಎಂದ. ಕೈಲ್ ಅಳುತ್ತ ಆಣೆಯಿಟ್ಟ. ಆಣೆಗೇನು, ಅಳುವಾಗ ಯಾರು ಬೇಕಾದರೂ ಇಡುತ್ತಾರೆ.

ಆ ಕಂಪನಿಯ ಮನುಷ್ಯ ಕೆಟ್ಟವನೇನಲ್ಲ, ವ್ಯಾಪಾರಿ. ಹಾಡು ಸಿದ್ಧವಾದ ಮೇಲೆ ರೇಡಿಯೋದವರ ಮುಂದೆ ಕೂರಿಸುವ ಮುಂಚೆ ಅವನು ಕೈಲ್‌ನನ್ನು ಕೇಳಿದ, ನಿನ್ನ ಕಥೆ ಏನು ಎಂದು. ಕೈಲ್ ಮಿಸ್ ಓಲಾ, ಚರ್ಚು, ಸಕ್ಕರೆ ಡಬ್ಬಿ ಎಲ್ಲ ಹೇಳಿದ. ಅವನು ಗಡಿಯಾರ ನೋಡಿಕೊಂಡ.

"ಅಷ್ಟು ಜನ ಕಪ್ಪು ಹುಡುಗ್ರ ಮಧ್ಯ ಒಬ್ಬ ಬಿಳಿ ಹುಡ್ಗ ಏಟು ತಿಂದು, ಉಪವಾಸ ಬಿದ್ದು, ಬದುಕಿ ಬಂದ ಅಂದ್ರೆ ಅದು ಕಥೆ," ಎಂದ. "ನೀನು ಹೇಳಿದ್ದು ತಿಂಡಿ."

ಕೈಲ್ ತಾನೇ ಮಿಸ್ ಓಲಾ ಅವರಿಗೆ ಫೋನು ಮಾಡಿ, ಶನಿವಾರ ಎರಡು ಗಂಟೆಗೆ ರೇಡಿಯೋ ಹಾಕಿ, ನನ್ನನ್ನು ಮಾತಾಡಿಸುತ್ತಾರೆ ಎಂದು ಹೇಳಿದ್ದ. ಇದನ್ನು ನೆನೆದರೆ ಇಂದಿಗೂ ಅವನಿಗೆ ಮೈ ಪರಚಿಕೊಳ್ಳುವ ಹಾಗಾಗುತ್ತದೆ. ಹೇಳದೆ ಇದ್ದಿದ್ದರೆ ಅವರು ಕೇಳದೆಯೂ ಇರುತ್ತಿದ್ದರು.

ಮಾತಾಡಿಸಿದವನು ನಮ್ಮವನೇ, ಶಿಕಾಗೋದ ದಕ್ಷಿಣ ಭಾಗದ ಕಪ್ಪು ಮನುಷ್ಯ, ನಗುಮೊಗದವನು. ಗ್ರಿಟ್ಸ್ ಅಂತ ಹೆಸರು ಯಾಕೆ ಬಂತು ಎಂದು ಕೇಳಿದ. ಕೈಲ್‌ನ ಕಿವಿಗೆ ಹಾಕಿದ್ದ ಯಂತ್ರದಲ್ಲಿ ತನ್ನ ದನಿ ತನಗೇ ದೊಡ್ಡ ಮನುಷ್ಯನ ದನಿಯಂತೆ ಕೇಳುತ್ತಿತ್ತು. ಗಾಜಿನ ಆಚೆ ಕಂಪನಿಯ ಮನುಷ್ಯ ನಿಂತಿದ್ದ.

"ನಮ್ಮ ಬೀದೀಲಿ ತಿನ್ನಕ್ಕೆ ಅದೊಂದೇ ಸಿಗ್ತಿದ್ದಿದ್ದು," ಎಂದ ಕೈಲ್. "ಅದೂ ಎಷ್ಟೋ ದಿನ ಸಿಗ್ತಿರ್ಲಿಲ್ಲ."

ಮೊದಲನೆಯದು ಹೊರಗೆ ಬಂದ ಮೇಲೆ ಉಳಿದವು ತಾವಾಗಿ ಬಂದವು. ಬಿಳಿಯನೆಂದು ಬಾಗಿಲು ಹಾಕಿಕೊಂಡರು ಎಂದ. ದಿನಾ ಹೊಡೆಯುತ್ತಿದ್ದರು ಎಂದ. ನಾಯಿ ಪಾಡು ಎಂದ. ಆ ಮನುಷ್ಯನ ನಗು ಸ್ವಲ್ಪ ಸ್ವಲ್ಪವಾಗಿ ಇಳಿಯಿತು. ಕೊನೆಗೆ ಅವನು ಕೇಳಿದ, ನಮ್ಮ ಹಿರಿಯರು ಕೇಳುವ ಹಾಗೆಯೇ ಕೇಳಿದ: "ಹಂಗಾದ್ರೆ ನಿನ್ನೋರು ಯಾರು?"

ತಿದ್ದಿಕೊಳ್ಳಲು ಅದೊಂದು ಬಾಗಿಲು ತೆರೆದಿತ್ತು. ಅದು ಬಾಗಿಲೆಂದು ಕೈಲ್‌ಗೆ ಆ ಕ್ಷಣವೇ ಗೊತ್ತಾಯಿತು. ಹಸಿರು ಬಾಗಿಲು ಎಂಬ ಸಾಲು ನಾಲಿಗೆಯ ತುದಿಗೂ ಬಂದಿತ್ತು.

"ಯಾರೂ ಇಲ್ಲ," ಎಂದ. "ನಂಗೆ ನಾನೇ."

ಉಂಡ ಮನೆಯ ಜಂತೆ ಎಣಿಸುವವರನ್ನು ಕಂಡಿದ್ದೇವೆ. ಇವನು ಉಂಡೇ ಇಲ್ಲ ಎಂದ.

ಮಾರನೆಯ ದಿನ, ಭಾನುವಾರ ಮಧ್ಯಾಹ್ನ, ಎಲ್ಲ ಹೇಳಿ ಕಾಲು ಹಿಡಿದುಬಿಡುತ್ತೇನೆ ಎಂದು ಕಾರು ತೆಗೆದುಕೊಂಡು ಬೀದಿಯ ತಿರುವಿನವರೆಗೂ ಬಂದ. ಮಿಸ್ ಓಲಾ ಚರ್ಚಿನಿಂದ ಬಂದು ಜಗಲಿಯ ಕುರ್ಚಿಯಲ್ಲಿ ಕೂತಿದ್ದರು, ಟೋಪಿ ಇನ್ನೂ ತೆಗೆದಿರಲಿಲ್ಲ. ಕಾರನ್ನು ನೋಡಿದರು. ಕೈ ಎತ್ತಿದರು. ಬಾ ಎಂದು ಎತ್ತಿದ್ದೋ, ಬಿಸಿಲಿಗೆ ಕಣ್ಣು ಮರೆ ಮಾಡಿದ್ದೋ ಅವನು ಕಾದು ನೋಡಲಿಲ್ಲ. ಕಾರು ತಿರುಗಿಸಿಕೊಂಡು ಹೋದ. ಒಂದು ಸುಳ್ಳನ್ನು ಬಾಯಿ ಹೇಳಿತ್ತು, ಎರಡನೆಯದನ್ನು ಕಾಲು ಹೇಳಿತು.

ಅವನ ಹಾಡು ಒಂದು ಬೇಸಿಗೆ ಓಡಿತು. ಎರಡನೆಯ ಹಾಡನ್ನು ಯಾರೂ ಕೇಳಲಿಲ್ಲ, ಮೂರನೆಯದನ್ನು ಕಂಪನಿಯೇ ಬೇಡವೆಂದಿತು. ಶಾಪ ಗೀಪ ಏನಲ್ಲ. ಅಂಥ ಹುಡುಗರು ವರ್ಷಕ್ಕೆ ನೂರು ಜನ ಬರುತ್ತಾರೆ, ಹೋಗುತ್ತಾರೆ. ಡೋರೀನ್ ಮನೆಗೆ ಬೀಗ ಹಾಕಿ ತಂಗಿಯ ಊರಿಗೆ ಹೋದಳು. ಕೈಲ್ ಪಕ್ಕದ ಹ್ಯಾಮಂಡ್ ಊರಿನಲ್ಲಿ ಬಸ್ಸು ಓಡಿಸುವ ಕೆಲಸಕ್ಕೆ ಸೇರಿದ. ನಮ್ಮ ಬೀದಿಯಿಂದ ಅರ್ಧ ಗಂಟೆ ದೂರ. ಬಸ್ಸಿನ ಹಿಂದಿನ ಸೀಟಿನಲ್ಲಿ ಯಾರಾದರೂ ಕಪ್ಪು ಹೆಂಗಸರು ನಕ್ಕರೆ ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದ.

ನಾಲ್ಕು ವರ್ಷದ ಮೇಲೆ ಒಂದು ಬೆಳಿಗ್ಗೆ ಆ ಬಸ್ಸಿಗೆ ಲವೆಲ್ ಹತ್ತಿದ. ಕಾರ್ಖಾನೆಯ ಬಟ್ಟೆ, ಕೈಯಲ್ಲಿ ಊಟದ ಡಬ್ಬಿ. ಮುಂದಿನ ಸೀಟಿನಲ್ಲಿ ಕೂತು, ಕೊನೆಯ ನಿಲ್ದಾಣದವರೆಗೂ ಇಳಿಯದೆ, ಅವನು ರೇಡಿಯೋದಲ್ಲಿ ಮಾತಾಡಿದ ಆ ಶನಿವಾರ ಕ್ಷೌರದಂಗಡಿಯಲ್ಲಿ ಆದದ್ದನ್ನು ಹೇಳಿದ. ನಿಲ್ಲಲು ಜಾಗವಿಲ್ಲದಷ್ಟು ಜನ ಸೇರಿದ್ದರಂತೆ. ಮಿಸ್ ಓಲಾ, ಕೇಳುವುದು ರೇಡಿಯೋವಾದರೂ, ಈಸ್ಟರಿಗೆ ಹಾಕುವ ನೇರಳೆ ಟೋಪಿ ಹಾಕಿಕೊಂಡು, ಹಂಚಲು ದೊಡ್ಡ ತಟ್ಟೆಯಲ್ಲಿ ಕೋಳಿ ಕರಿದು ತಂದಿದ್ದರಂತೆ. ಹೆಸರು ಹೇಳುತ್ತಾನೆ, ಹೆಸರು ಹೇಳುತ್ತಾನೆ ಎಂದು ಎಲ್ಲರೂ ಅವರ ಮುಖ ನೋಡುತ್ತಿದ್ದರಂತೆ. ನಂಗೆ ನಾನೇ ಎಂಬ ಮಾತು ಬಂದಾಗ ಮಿಸ್ಟರ್ ಕ್ಲಿಯೋಟಿಸ್ ಕೂದಲು ಕತ್ತರಿಸುವ ಯಂತ್ರ ನಿಲ್ಲಿಸಿದರಂತೆ. ಮಿಸ್ ಓಲಾ ಎದ್ದು, ಯಾರೂ ಮುಟ್ಟದ ತಟ್ಟೆಯ ಮೇಲೆ ಹಾಳೆ ಮುಚ್ಚಿ, ಹುಡುಗನಿಗೆ ಗಂಟಲು ಒಣಗಿದ ಹಾಗಿದೆ, ಅಲ್ಲಿ ಯಾರೂ ನೀರು ಕೊಟ್ಟಿಲ್ಲವೇನೋ ಎಂದಷ್ಟೇ ಹೇಳಿ ಮನೆಗೆ ಹೋದರಂತೆ.

"ಒಂದ್ ಮಾತು ಬಯ್ಲಿಲ್ಲ ಅಮ್ಮ," ಎಂದ ಲವೆಲ್. "ಬಯ್ದಿದ್ರೆ ನೀನು ಬದುಕ್ಕೊಳ್ತಿದ್ದೆ."

ಕೈಲ್ ನಿಲ್ದಾಣದಲ್ಲಿ ಬಸ್ಸು ನಿಲ್ಲಿಸಿ, ಜನರನ್ನು ಇಳಿಸಿ, ಮತ್ತೆ ಹೊರಡಿಸಿದ.

"ಹೋಗಿ ಅಮ್ಮನ್ನ ನೋಡೋ ಲೋ."

"ಯಾವ ಮುಖ ಇಟ್ಕೊಂಡ್ ಹೋಗ್ಲಿ?"

"ಇರೋದು ಒಂದೇ ತಾನೆ. ಅದನ್ನೇ ಇಟ್ಕೊಂಡ್ ಹೋಗು."

ಹೋಗಲಿಲ್ಲ. ನಾಚಿಕೆ ಎಂಬುದು ವಿಚಿತ್ರ. ಮೊದಲ ದಿನ ಹೊಸ್ತಿಲಷ್ಟು ಎತ್ತರವಿದ್ದದ್ದು ವರ್ಷ ಕಳೆದರೆ ಗೋಡೆಯಾಗುತ್ತದೆ. ಈ ವಾರ, ಮುಂದಿನ ವಾರ, ಕ್ರಿಸ್‌ಮಸ್ಸಿಗೆ ಎಂದುಕೊಳ್ಳುತ್ತ ಕೂದಲು ನರೆಯಿತು. ಒಮ್ಮೆ ಮಾತ್ರ ಅವರನ್ನು ಕಂಡ. ಹೆದ್ದಾರಿಯ ಬಳಿಯ ದೊಡ್ಡ ದಿನಸಿ ಅಂಗಡಿಯಲ್ಲಿ ಮಿಸ್ ಓಲಾ ಕೋಲು ಊರಿಕೊಂಡು ನಿಂತು, ಮೇಲಿನ ಹಲಗೆಯ ಮೇಲಿದ್ದ ಗ್ರಿಟ್ಸ್ ಪೊಟ್ಟಣಕ್ಕೆ ಕೈ ಚಾಚುತ್ತಿದ್ದರು. ಎಟುಕುತ್ತಿರಲಿಲ್ಲ. ಕೈಲ್ ಆರಡಿ ಎರಡಂಗುಲದ ಆಳು. ಅವನು ಬಿಸ್ಕತ್ತಿನ ಸಾಲಿನ ಹಿಂದೆ ಅಡಗಿ ನಿಂತ. ಅವರು ಮೂರು ಸಲ ಕೈ ಚಾಚಿದರು. ಕೊನೆಗೆ ಅಂಗಡಿಯ ಕೆಲಸದ ಹೆಂಗಸು ಬಂದು ತೆಗೆದುಕೊಟ್ಟಳು. ಆ ದಿನ ಅವನು ಬುಟ್ಟಿಯನ್ನು ಅಲ್ಲೇ ಬಿಟ್ಟು, ಏನನ್ನೂ ಕೊಳ್ಳದೆ ಮನೆಗೆ ಹೋದ. ರೇಡಿಯೋದ ಸುಳ್ಳಿಗಿಂತ ಆ ಮೂರು ಸಲ ಚಾಚಿದ ಕೈ ಅವನನ್ನು ಹೆಚ್ಚು ತಿಂದಿತು.

೨೦೧೭ರ ಅಕ್ಟೋಬರಿನಲ್ಲಿ ಲವೆಲ್ ಫೋನು ಮಾಡಿದ. ಅಮ್ಮ ಹೋದಳು, ಶನಿವಾರ ಹನ್ನೊಂದಕ್ಕೆ ಚರ್ಚಿನಲ್ಲಿ, ಬಿಳಿ ಅಂಗಿ ಹಾಕಿಕೊಂಡು ಬಾ, ಅವಳೇ ಹೇಳಿದ್ದು ಎಂದು ಇಟ್ಟುಬಿಟ್ಟ.

ನಮ್ಮಲ್ಲಿ ಅದನ್ನು ಸಾವು ಎನ್ನುವುದಿಲ್ಲ, ಮನೆಗೆ ಹೋಗುವುದು ಎನ್ನುತ್ತೇವೆ. ಮನೆಗೆ ಹೋಗುವವರ ಬದುಕನ್ನು, ಅವರ ಚಿತ್ರದ ಜೊತೆ, ಒಂದು ಪುಟ್ಟ ಪುಸ್ತಕ ಮಾಡಿ ಅಚ್ಚು ಹಾಕಿಸಿ ಬಂದವರಿಗೆಲ್ಲ ಹಂಚುತ್ತೇವೆ. ಎಲ್ಲಿ ಹುಟ್ಟಿದರು, ಎಲ್ಲಿ ದುಡಿದರು, ಯಾರನ್ನು ಬಿಟ್ಟುಹೋದರು. ಆ ಕೊನೆಯ ಪಟ್ಟಿಗಾಗಿ ಕುಟುಂಬಗಳು ಕಿತ್ತಾಡುವುದೂ ಉಂಟು. ಅದರಲ್ಲಿ ಇದ್ದವನು ಮನೆಯವನು, ಇಲ್ಲದವನು ಬಂದುಹೋಗುವವನು. ಮನೆಯವರು ಬಿಳಿ ಬಟ್ಟೆ ಹಾಕಿ ಚರ್ಚಿನ ಹೊರಗೆ ಸಾಲಾಗಿ ನಿಂತು, ಹೆಸರು ಕೂಗಿದ ಹಾಗೆ ಒಳಗೆ ನಡೆಯುತ್ತಾರೆ; ಉಳಿದವರು ಮೊದಲೇ ಒಳಗೆ ಕೂತಿದ್ದು, ಆಗ ಎದ್ದು ನಿಂತು ಅವರನ್ನು ನೋಡುತ್ತಾರೆ.

ಕೈಲ್ ಹಿಂದಿನ ಬಾಗಿಲಿನಿಂದ ನುಸುಳಿ ಕೊನೆಯ ಸಾಲಿನಲ್ಲಿ ಕೂತು ಎಲ್ಲರಿಗಿಂತ ಮೊದಲು ಎದ್ದುಹೋಗುವ ಲೆಕ್ಕ ಹಾಕಿಕೊಂಡು ಬಂದಿದ್ದ. ಆದರೆ ಮೆಟ್ಟಿಲ ಬಳಿ ಬಿಳಿ ಕೈಗವಸು ಹಾಕಿದ ಚರ್ಚಿನ ಅಕ್ಕ ಒಬ್ಬಳು ಕಾಗದ ಹಿಡಿದು ನಿಂತಿದ್ದಳು. "ಲವೆಲ್ ಗ್ಯಾಡಿಸ್," ಎಂದಳು. ಲವೆಲ್ ಹೆಂಡತಿಯ ಕೈ ಹಿಡಿದು ಮುಂದೆ ಬಂದ. "ಕೈಲ್ ಹುಡಾಕ್," ಎಂದಳು. ಕೈಲ್ ಮರದ ಹಿಂದೆ ನಿಂತಿದ್ದ. ಅವಳು ಇನ್ನೊಮ್ಮೆ, ಸ್ವಲ್ಪ ಜೋರಾಗಿ ಕರೆದಳು. ಇಡೀ ಸಾಲು ತಿರುಗಿ ನೋಡಿತು.

ಅವನು ಹೋಗಿ ಲವೆಲ್ ಹಿಂದೆ ನಿಂತ. ಲವೆಲ್ ತಿರುಗದೆಯೇ ಪುಸ್ತಕವನ್ನು ಹಿಂದಕ್ಕೆ ಚಾಚಿದ. ಮಕ್ಕಳು ಎಂಬಲ್ಲಿ ಎರಡು ಹೆಸರು ಇದ್ದವು. ಒಂದು ಲವೆಲ್. ಇನ್ನೊಂದರ ಮುಂದೆ, ಎದುರು ಮನೆಯಿಂದ ಬಂದ ಮಗ ಎಂದು ಬರೆದಿತ್ತು. ಕೆಳಗೆ, ಮಾತಾಡುವವರ ಪಟ್ಟಿಯಲ್ಲಿ: ಕೈಲ್, ಎರಡು ನಿಮಿಷ.

"ಆಸ್ಪತ್ರೇಲಿ ಅವಳೇ ಹೇಳಿ ಬರೆಸಿದ್ದು," ಎಂದ ಲವೆಲ್. "ನಾನು ನಿನ್ ಹೆಸ್ರು ಹೊಡ್ದಾಕಿದ್ದೆ. ಪೆನ್ನು ಕಿತ್ಕೊಂಡು ತಾನೇ ಮತ್ತೆ ಬರೆದ್ಲು."

ಹಾಡು ಮುಗಿಯಿತು, ಪ್ರಾರ್ಥನೆ ಮುಗಿಯಿತು, ಅವನ ಸರದಿ ಬಂತು. ಪೆಟ್ಟಿಗೆಯಲ್ಲಿ ಮಿಸ್ ಓಲಾ ನೇರಳೆ ಟೋಪಿ ಹಾಕಿಕೊಂಡೇ ಮಲಗಿದ್ದರು. ಕೈಲ್‌ನದು ಒಂದು ಕಾಲದಲ್ಲಿ ಉಸಿರು ಬಿಡದೆ ನೂರು ಸಾಲು ಹೇಳಿದ ಬಾಯಿ. ಈಗ ಒಂದು ಅಕ್ಷರ ಹೊರಡಲಿಲ್ಲ. ಎಂಬತ್ತು ದಾಟಿದ ಮಿಸ್ಟರ್ ಕ್ಲಿಯೋಟಿಸ್ ಎರಡನೆಯ ಸಾಲಿನಲ್ಲಿ ಕೂತಿದ್ದರು. ಸಿಟ್ಟಿನಿಂದಲ್ಲ, ಶನಿವಾರ ಅಂಗಡಿಯಲ್ಲಿ ಕೇಳುತ್ತಿದ್ದ ಹಾಗೆಯೇ ಕೇಳಿದರು.

"ನಿನ್ನೋರು ಯಾರು?"

ಕೈಲ್ ಎದುರಿನ ಮರದ ಪೀಠವನ್ನು ಎರಡೂ ಕೈಯಿಂದ ಹಿಡಿದುಕೊಂಡ. ಮಾತು ಬಾರದೆ ನಿಂತವರಿಗೆ ನಮ್ಮ ಚರ್ಚಿನಲ್ಲಿ ಹೇಳುವುದೊಂದಿದೆ. ಮೂಲೆಯಿಂದ ಯಾರೋ ಹೆಂಗಸು ಅದನ್ನು ಹೇಳಿದಳು, "ನಿಧಾನ, ಮಗಾ." ಆಮೇಲೆ ಇನ್ನೂ ನಾಲ್ಕಾರು ದನಿಗಳು, "ನಿಧಾನ, ನಿಧಾನ." ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಇದನ್ನು ತಡೆದುಕೊಳ್ಳಲಾಗಲಿಲ್ಲ.

"ರೇಡಿಯೋದಲ್ಲಿ ನಂಗ್ಯಾರೂ ಇಲ್ಲ ಅಂದಿದ್ದೆ," ಎಂದ. "ಸುಳ್ಳು. ಉಪವಾಸ ಇದ್ದೆ ಅಂದಿದ್ದೆ. ಅದೂ ಸುಳ್ಳು. ಮೂರು ಬಟ್ಲು ತಿಂತಿದ್ದೆ, ದಿನಾ. ಮೂರನೇದನ್ನ ಕೇಳಕ್ಕೆ ನಾಚ್ಕೆ ಆಗ್ತಿತ್ತು. ಕೇಳ್ದೇನೇ ಹಾಕ್ತಿದ್ರು."

ಅಷ್ಟೇ ಹೇಳಲು ಸಾಧ್ಯವಾದದ್ದು. ಪ್ರಾಸವಿಲ್ಲ, ತಾಳವಿಲ್ಲ. ಕೆಲವರು ಆಮೆನ್ ಎಂದರು, ಕೆಲವರು ಎನ್ನಲಿಲ್ಲ. ಅವನು ಇಳಿದು ಬಂದಾಗ ಲವೆಲ್ ಸ್ವಲ್ಪ ಸರಿದು ಜಾಗ ಕೊಟ್ಟ. ಇಬ್ಬರೂ ಮುಂದೆ ನೋಡುತ್ತ ಕೂತರು. ಮುಂದಿನ ಹಾಡು ಶುರುವಾದ ಮೇಲೆ ಲವೆಲ್ ಅವನ ಕಿವಿಯ ಬಳಿ ಬಗ್ಗಿದ.

"ಅಷ್ಟು ವರ್ಷಾನೂ ಶನಿವಾರ ಎರಡು ಗಂಟೆಗೆ ಅಮ್ಮ ಆ ರೇಡಿಯೋ ಹಾಕ್ತಿದ್ಲು ಕಣೋ. ಆ ಕಾರ್ಯಕ್ರಮ ನಿಂತೋದ್ಮೇಲೂ ಹಾಕ್ತಿದ್ಲು."

"ಯಾಕೆ?"

"ನೀನು ತಿದ್ಕೊಂಡು ಹೇಳ್ತೀಯ ಅಂತ."

ಸುತ್ತ ಎಲ್ಲರೂ ಎದ್ದು ನಿಂತು ಹಾಡುತ್ತಿದ್ದರು. ಕೈಲ್ ಏಳಲಿಲ್ಲ, ಮುಖವನ್ನೂ ಎತ್ತಲಿಲ್ಲ.